ದಾರ ಪೋಣಿಸಿಟ್ಟ ಹತ್ತು ಸೂಜಿ

"ಬಡವನ ಅಂಗಿ ಹೀಗಿರತ್ತಾ? ನೀವೇ ಹೇಳಿ."

ಬನಿಯನ್ ಮೇಲೆ ಟವೆಲ್ ಹೊದ್ದು ಬಾಗಿಲಲ್ಲಿ ನಿಂತಿದ್ದ ಮುದುಕರಿಗೆ ಅವಳು ಆಡಿದ ಮೊದಲ ಮಾತೇ ಇದು. ಬನ್ನಿ ಅನ್ನಲಿಲ್ಲ, ಕೂತ್ಕೊಳ್ಳಿ ಅನ್ನಲಿಲ್ಲ. ಅವಳ ಮಡಿಲಲ್ಲಿ ತಿಳಿನೀಲಿ ಬಣ್ಣದ ತುಂಬುತೋಳಿನ ಅಂಗಿ, ಕೈಯಲ್ಲಿ ಒರಟು ಕಲ್ಲು. ಅಂಗಿಯ ಕಾಲರನ್ನು ಉಜ್ಜುತ್ತಲೇ ಇದ್ದಳು.

ಅವರು ಆ ಅಂಗಿಯನ್ನೇ ದಿಟ್ಟಿಸಿದರು. ಬಾಯಿ ತೆರೆದರು. ಮತ್ತೆ ಮುಚ್ಚಿದರು.

"ಹೀಗೇ ಇರತ್ತೆ" ಎಂದರು ಕೊನೆಗೆ, ಮೆಲ್ಲಗೆ. "ಇರೋದೇ ಒಂದು ಅಂಗಿ ಅಂದ್ರೆ ಬಡವ ಜೋಪಾನವಾಗಿ ನೋಡ್ಕೊಂಡಿರ್ತಾನೆ."

"ನಿಮಗೇನ್ರೀ ಗೊತ್ತು" ಎಂದು ಅವಳು ನಕ್ಕಳು. "ಇಪ್ಪತ್ತೈದು ವರ್ಷದಿಂದ ಬಡವರ ಬಟ್ಟೆ ಮಾಡ್ತಿರೋದು ನಾನು."

ಸುಳ್ಳಲ್ಲ. ಊರಿನ ದರ್ಜಿಗಳೆಲ್ಲ ಹಳೆಯದನ್ನು ಹೊಸದು ಮಾಡಲು ಒದ್ದಾಡಿದರೆ, ಇವಳು ಸಿನಿಮಾ ಸ್ಟುಡಿಯೋದ ಬಟ್ಟೆ ಕೋಣೆಯಲ್ಲಿ ಕುಳಿತು ಹೊಸದನ್ನು ಹಳೆಯದು ಮಾಡುತ್ತಿದ್ದಳು. ಟೀ ನೀರಿನಲ್ಲಿ ಅದ್ದುವುದು, ಮರಳು ಕಾಗದದಲ್ಲಿ ತಿಕ್ಕುವುದು, ಜೇಬು ಹರಿಯುವುದು, ಬೇರೆ ಬಣ್ಣದ ಗುಂಡಿ ಹಾಕುವುದು. ವಯಸ್ಸು ಐವತ್ತೆಂಟು. ಎಲ್ಲರಿಗೂ ಅವಳು ಬಟ್ಟೆಯಕ್ಕ.

ಈ ಸಲದ ಸಿನಿಮಾ, ಯಾರೂ ಇಲ್ಲದ, ಕೈ ಬರಿದಾದ ಒಬ್ಬ ಮುದುಕನ ಕಥೆ. ಒಂದು ಕೋಣೆ, ಒಂದು ಮಂಚ, ಎದುರಿಗೆ ಒಂದು ಖಾಲಿ ಕುರ್ಚಿ. ಮುದುಕನಿಗೆ ಮೈಮೇಲೆ ಒಂದೇ ಅಂಗಿ. ಆದರೆ ಸಿನಿಮಾದಲ್ಲಿ ಒಂದೇ ಅಂಗಿ ಎಂದರೆ ಒಂದೇ ಥರದ ಎರಡು ಅಂಗಿ. ಒಂದು ಹಾಳಾದರೆ ಇನ್ನೊಂದಿರಲಿ ಎಂದು. ಮೊದಲನೆಯದನ್ನು ಅವಳು ಹೋದ ವಾರವೇ ಸಿದ್ಧ ಮಾಡಿದ್ದಳು. ಎರಡನೆಯದು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಅದನ್ನೇ ಈಗ ಉಜ್ಜುತ್ತಿದ್ದಳು.

ಹಾಗೆಂದು ಅವಳು ತಿಳಿದಿದ್ದಳು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದು ಸಿನಿಮಾದ ಅಂಗಿಯೇ ಅಲ್ಲ. ಮೇಕಪ್‌ಗೆ ಕೂರುವ ಮೊದಲು, ಸಿನಿಮಾದ ಮುದುಕನ ಪಾತ್ರಕ್ಕೆ ಬಂದಿದ್ದ ಇವರೇ ಬಿಚ್ಚಿ ಮೊಳೆಗೆ ಹಾಕಿದ್ದ ಅವರ ಸ್ವಂತ ಅಂಗಿ. ಹೊರಗೆ ಹಾಕಿಕೊಳ್ಳಲು ಅವರಿಗೆ ಇದ್ದದ್ದು ಅದೊಂದೇ.

"ಅಮ್ಮಾ, ಅದು..." ಎಂದು ಅವರು ಶುರುಮಾಡಿದರು.

ಅಷ್ಟರಲ್ಲಿ ಮ್ಯಾನೇಜರ್ ಒಳಗೆ ಬಂದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವ ಮನುಷ್ಯ.

"ಅಕ್ಕಾ, ಆ ಪ್ಯಾಂಟಿನ ಚೀಟಿ ಓದಿ. ಎಷ್ಟನೇ ಸೀನು?"

ಅವಳು ಚೀಟಿಯನ್ನು ಹಿಡಿದಳು. ದೂರ ಹಿಡಿದಳು, ಹತ್ತಿರ ತಂದಳು. ಅಕ್ಷರಗಳಿದ್ದ ಜಾಗದಲ್ಲಿ ಅವಳಿಗೆ ಕಂಡದ್ದು ಬರೀ ಮಂಜು.

'ದೇವರೇ... ಇವತ್ತು ಸಿಕ್ಕಿಬಿದ್ದೆ.'

"ಹನ್ನೆರಡು. ಕೋಣೆ. ಬೆಳಿಗ್ಗೆ."

ಬೆನ್ನ ಹಿಂದಿನಿಂದ ಬಂದ ಪಿಸುಮಾತು. ಅವಳ ಕಿವಿಗಷ್ಟೇ ಮುಟ್ಟಿತು, ಮ್ಯಾನೇಜರ್‌ಗೆ ಮುಟ್ಟಲಿಲ್ಲ.

"ಹನ್ನೆರಡು. ಕೋಣೆ, ಬೆಳಿಗ್ಗೆ" ಎಂದಳು ಅವಳು ಗಟ್ಟಿಯಾಗಿ. ಮ್ಯಾನೇಜರ್ ತಲೆಯಾಡಿಸಿ ಹೋದ.

ಅವಳು ತಿರುಗಿದಳು. ಮುದುಕರು ಬಟ್ಟೆಗಳ ಸಾಲಿನ ಹಿಂದೆ ನಿಂತು ಏನೂ ಆಗಿಲ್ಲವೆಂಬಂತೆ ಟವೆಲ್ ಸರಿಮಾಡಿಕೊಳ್ಳುತ್ತಿದ್ದರು.

"ನಿಮಗೆ ಹೇಗೆ..."

"ನಾಟಕ ಕಂಪನೀಲಿ ನಲವತ್ತು ವರ್ಷ ಪ್ರಾಂಪ್ಟರ್ ಆಗಿದ್ದೆ. ಮಾತು ಮರೆತವರ ಮುಖ ನೋಡಿದ್ರೆ ಗೊತ್ತಾಗತ್ತೆ. ಪರದೆ ಪಕ್ಕ ನಿಂತು ಹೇಳ್ಕೊಡೋದೇ ನನ್ನ ಕೆಲಸ." ಆಮೇಲೆ ಕೇಳಿದರು, "ಕಣ್ಣು ಎಷ್ಟು ದಿನದಿಂದ ಹೀಗೆ?"

ಯಾರಿಗೂ ಹೇಳದಿದ್ದ ಮಾತು ಅವಳ ಬಾಯಿಂದ ಉದುರಿಹೋಯಿತು. ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ನಿಗೂ ಬಗ್ಗದ್ದು. ಹೋದ ಸಿನಿಮಾದಲ್ಲಿ ಬಣ್ಣ ತಪ್ಪಿ ಇಡೀ ದಿನದ ಶೂಟಿಂಗ್ ಹಾಳಾಗಿತ್ತು. ಇನ್ನೊಂದು ತಪ್ಪಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಈ ಬಟ್ಟೆ ಕೋಣೆಯ ಹಿಂದೆ ಅವಳು ಮಲಗುವ ಚಿಕ್ಕ ಜಾಗವೂ ಹೋಗುತ್ತದೆ. ಗಂಡ ತೀರಿ ಇಪ್ಪತ್ತೆರಡು ವರ್ಷ. ತಮ್ಮನ ಮನೆ ಇದೆ. ಹೋದರೆ ತಮ್ಮನ ಹೆಂಡತಿ ಇವಳ ಮುಖಕ್ಕಿಂತ ಮೊದಲು ಇವಳ ಚೀಲ ಎಷ್ಟು ದಪ್ಪ ಇದೆ ಎಂದು ನೋಡುತ್ತಾಳೆ.

"ಯಾರಿಗೂ ಹೇಳ್ಬೇಡಿ" ಎಂದಳು.

"ಹೇಳಲ್ಲ."

"ಅದೇನೋ ಹೇಳೋಕೆ ಬಂದ್ರಲ್ಲ, 'ಅಮ್ಮಾ ಅದು' ಅಂತ?"

ಅವರು ಅವಳ ಮಡಿಲಿನ ಅಂಗಿಯನ್ನು ನೋಡಿದರು. ಕಾಲರು ಅಷ್ಟು ಹೊತ್ತಿಗೆ ಜಾಳಾಗಿತ್ತು.

"ಏನಿಲ್ಲ. ಕಾಲರು ಚೆನ್ನಾಗಿ ಬಂದಿದೆ ಅಂತ."

*

ಆ ಸಂಜೆ ಅವಳು ಹಿತ್ತಲ ನಲ್ಲಿಯಲ್ಲಿ ಬಟ್ಟೆ ನೆನೆಸುತ್ತಿದ್ದಾಗ ಅವರು ತಮ್ಮ ಅಂಗಿ ಹಾಕಿಕೊಂಡು ಮನೆಗೆ ಹೋದರು. ಮರುದಿನ ಬಂದು ನೋಡಿದರೆ ಅವಳು ಮೊಳೆಯ ಸುತ್ತ ಗೋಡೆ ತಡವುತ್ತಿದ್ದಳು. "ಎರಡನೇ ಅಂಗಿ ಕಾಣ್ತಿಲ್ಲ ರೀ... ಮ್ಯಾನೇಜರ್ ಕೇಳಿದ್ರೆ ಸತ್ತೆ."

ಅವರು ಮರೆಗೆ ಹೋಗಿ ಅಂಗಿ ಬಿಚ್ಚಿ, ನೆಲದಿಂದ ಎತ್ತಿದವರಂತೆ ಮೊಳೆಗೆ ಹಾಕಿದರು. "ಇಲ್ಲೇ ಕೆಳಗೆ ಬಿದ್ದಿತ್ತು ನೋಡಿ."

ಅಂದಿನಿಂದ ಅದೇ ಪಾಠ. ಬೆಳಿಗ್ಗೆ ಮೊಳೆಗೆ, ಸಂಜೆ ಮೈಗೆ. ಅವಳೋ ಹಿಡಿದ ಕೆಲಸ ಬಿಡುವವಳಲ್ಲ. ದಿನಾ ಬಿಡುವಾದಾಗ ಆ ಅಂಗಿಯನ್ನು ಇನ್ನಷ್ಟು ಹಳೆಯದು ಮಾಡುತ್ತಲೇ ಹೋದಳು. ಎರಡನೇ ದಿನ ಮೊಣಕೈ ಸವೆಯಿತು. ಮೂರನೇ ದಿನ ಎದೆಯ ಮೇಲೆ ಟೀ ಕಲೆ ಬಿತ್ತು. ನಾಲ್ಕನೇ ದಿನ ಜೇಬಿನ ಬಾಯಿ ಹರಿದಳು.

"ಆ ಜೇಬು ಪಾಪ ಅವನಿಗೆ ಬೇಕಾಗಿತ್ತೇನೋ" ಎಂದರು ಅವರು.

"ಯಾರಿಗೆ?"

"ಸಿನಿಮಾದ ಮುದುಕನಿಗೆ. ಕನ್ನಡಕ ಇಟ್ಕೊಳ್ಳೋಕೆ."

"ಇಷ್ಟು ಬಡವನಿಗೆ ಕನ್ನಡಕ ಬೇರೆ ಕೇಡು" ಎಂದಳು. ಮರುದಿನ ಅವರ ಕನ್ನಡಕ ದಾರ ಕಟ್ಟಿಕೊಂಡು ಕೊರಳಲ್ಲಿ ನೇತಾಡುತ್ತಿತ್ತು. ಅವಳಿಗೆ ಕಾಣಲಿಲ್ಲ. ಕಂಡಿದ್ದರೂ ಹೊಳೆಯುತ್ತಿತ್ತೋ ಇಲ್ಲವೋ.

ಆದರೆ ಒಂದನ್ನು ಅವಳು ಬೆರಳಲ್ಲೇ ಕಂಡುಕೊಂಡಳು. ಮೂರನೇ ಬೆಳಿಗ್ಗೆ ಸೂಜಿ ಚುಚ್ಚಿಡುವ ಪುಟ್ಟ ದಿಂಬನ್ನು ಮುಟ್ಟಿದಳು. ಹತ್ತು ಸೂಜಿ. ಹತ್ತಕ್ಕೂ ದಾರ ಪೋಣಿಸಿತ್ತು. ಎಡಕ್ಕೆ ಬಿಳಿ, ಬಲಕ್ಕೆ ಕಪ್ಪು, ನಡುವೆ ನೀಲಿ. ಒಂದು ಸೂಜಿಗೆ ದಾರ ಪೋಣಿಸಲು ಅವಳಿಗೆ ಈಗ ಅರ್ಧ ಗಂಟೆ ಹಿಡಿಯುತ್ತಿತ್ತು, ಕೆಲವೊಮ್ಮೆ ಅಳುವೂ ಬರುತ್ತಿತ್ತು.

"ಇದು ನೀವಾ?" ಎಂದು ಕೇಳಿದಳು.

"ಬೇಗ ಬಂದಿದ್ದೆ. ಸುಮ್ನೆ ಕೂತು ಏನ್ಮಾಡ್ಲಿ?"

ಸೆಟ್ಟಿನಲ್ಲಿ ನಿರ್ದೇಶಕನಿಗೆ ಅವರ ಮೇಲೆ ಅಸಮಾಧಾನವಿತ್ತು. ಟೀಯಲ್ಲಿ ಅದ್ದಿ ಬ್ರೆಡ್ಡು ತಿನ್ನುವ ದೃಶ್ಯದಲ್ಲಿ ಅವರು ಬ್ರೆಡ್ಡಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಇಟ್ಟರು, ಲೋಟ ಒರೆಸಿ ಬೋರಲು ಹಾಕಿದರು.

"ಬಡವರು ಇಷ್ಟು ನೀಟಾಗಿ ಇರಲ್ಲ ತಾತ. ಸ್ವಲ್ಪ ನಿಜವಾಗಿ ಮಾಡಿ" ಎಂದ ನಿರ್ದೇಶಕ.

"ಸರಿ ಸಾರ್" ಎಂದರು ಅವರು, ತಮ್ಮ ಕೋಣೆಯಲ್ಲಿ ಅದೇ ಬೆಳಿಗ್ಗೆ ಅದೇ ಥರ ಕಾಗದ ಮಡಿಸಿಟ್ಟು ಬಂದಿದ್ದವರು.

ಅವಳ ಕೋಣೆಯಲ್ಲಿ ಮಾತ್ರ ಅವರು ನಗುತ್ತಿದ್ದರು. ಮ್ಯಾನೇಜರ್ ಬಂದಾಗಲೆಲ್ಲ ಬಟ್ಟೆ ಸಾಲಿನ ಹಿಂದಿನಿಂದ ಪಿಸುಮಾತು. 'ಕಂದು ಕೋಟು, ಮೂರನೆಯದು.' 'ಕೈಯಲ್ಲಿರೋದು ಹಸಿರು, ನೀಲಿ ಅಲ್ಲ.' ಅವಳು ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದಳು. ಮ್ಯಾನೇಜರ್ ಹೋದ ಮೇಲೆ ಇಬ್ಬರೂ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದರು. ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಎಂದು ನೀವು ಕೇಳಬಹುದು. ಅವಳೂ ಕೇಳಿಕೊಂಡಳು. ಉತ್ತರ ಸಿಗಲಿಲ್ಲ, ಆದರೆ ತಲೆ ಬಾಚುವಾಗ ಒಂದೆರಡು ನಿಮಿಷ ಹೆಚ್ಚು ಹಿಡಿಯತೊಡಗಿತು.

"ಎಲ್ಲರೂ ಅಕ್ಕ ಅಂತಾರೆ. ನೀವು ಯಾಕೆ ಅನ್ನಲ್ಲ?" ಎಂದು ಐದನೇ ದಿನ ಕೇಳಿದಳು.

"ನಿಮಗಿಂತ ಒಂಬತ್ತು ವರ್ಷ ದೊಡ್ಡೋನು ನಾನು."

"ತಂಗಿ ಅನ್ನಬಹುದಲ್ಲ."

ಅವರು ಇನ್ನೊಂದು ಸೂಜಿಗೆ ದಾರ ಹಾಕಿದರು. ಅವಳ ಕಿವಿ ಬಿಸಿಯಾಯಿತು.

"ಮದುವೆ ಆಗ್ಲಿಲ್ವಾ?" ಎಂದಳು ಮೆಲ್ಲಗೆ.

"ನಲವತ್ತು ವರ್ಷ ಪರದೆ ಪಕ್ಕ ನಿಂತು ಬೇರೆಯವರಿಗೆ ಪ್ರೀತಿ ಮಾತು ಹೇಳ್ಕೊಟ್ಟೆ. ನನ್ನ ಸರದಿ ಬಂದಾಗ ಹೇಳ್ಕೊಡೋರು ಯಾರೂ ಇರ್ಲಿಲ್ಲ." ಮಾತು ಬದಲಿಸಿದರು. "ಕೊನೇ ಸೀನಿನ ಮಾತು ಒಪ್ಪಿಸ್ತೀನಿ, ಕೇಳಿ. 'ಯಾರೂ ಬರೋದಿಲ್ಲ ಅಂತ ನನಗೆ ಗೊತ್ತು. ಆದರೂ ಬಾಗಿಲು ತೆರೆದಿಟ್ಟಿದ್ದೇನೆ.'"

"ಅಷ್ಟೇನಾ?"

"ಅಷ್ಟೇ. ಬರೆದದ್ದನ್ನ ಒಂದಕ್ಷರ ಆಚೀಚೆ ಮಾಡಿದವನಲ್ಲ ನಾನು. ಪ್ರಾಂಪ್ಟರ್ ಅಕ್ಷರ ಬದಲಾಯಿಸಿದ್ರೆ ನಾಟಕವೇ ಕೆಡತ್ತೆ."

*

ಆರನೇ ಸಂಜೆ ಅವಳು ಒಂದು ತೀರ್ಮಾನಕ್ಕೆ ಬಂದಳು. ನಾಳೆ ಶೂಟಿಂಗ್ ಮುಗಿಯುತ್ತದೆ. ಮುಗಿದ ಮೇಲೆ ಈ ಮನುಷ್ಯ ಎಲ್ಲಿಗೆ ಹೋಗುತ್ತಾರೋ, ಯಾರಿಗೆ ಗೊತ್ತು? ಇವತ್ತೇ ಕೇಳಬೇಕು. ಒಟ್ಟಿಗೆ ಟೀ ಕುಡಿಯೋಣ ಎಂದಾದರೂ ಕೇಳಬೇಕು.

ಬಟ್ಟೆ ನೆನೆಸುವುದನ್ನು ಬಿಟ್ಟು, ಕೈ ಒರೆಸಿಕೊಂಡು ಗೇಟಿನ ಕಡೆ ನಡೆದಳು. ಜನ ಸಾಲಾಗಿ ಹೊರಡುತ್ತಿದ್ದರು. ಮ್ಯಾನೇಜರ್ ಗೇಟಿನಲ್ಲೇ ನಿಂತಿದ್ದ. ಆ ಬಾಗಿದ ಬೆನ್ನು ಅವಳಿಗೆ ಮಂಜಿನಲ್ಲೂ ಗುರುತು ಸಿಕ್ಕಿತು. ಓಡಿಹೋಗಿ ತೋಳು ಹಿಡಿದಳು.

"ರೀ..."

ಅಷ್ಟೇ. ಮಾತು ಅಲ್ಲೇ ನಿಂತಿತು. ಬೆರಳ ಕೆಳಗೆ ಸವೆದ ಮೊಣಕೈ. ಕಣ್ಣು ಮೋಸ ಮಾಡಬಹುದು, ಬೆರಳು ಮಾಡುವುದಿಲ್ಲ. ಇದು ತನ್ನ ಮರಳು ಕಾಗದದ ಕೆಲಸ. ಕೈ ಮೇಲೇರಿತು. ಜಾಳಾದ ಕಾಲರು. ಹರಿದ ಜೇಬು.

"ಇದು... ಎರಡನೇ ಅಂಗಿ" ಎಂದಳು. ದನಿ ಅವಳಿಗರಿಯದೆಯೇ ಏರಿತ್ತು.

ಮ್ಯಾನೇಜರ್ ತಿರುಗಿದ. "ಏನು? ಶೂಟಿಂಗ್ ಬಟ್ಟೆನಾ?"

ಅವರು ತಲೆ ತಗ್ಗಿಸಿದರು.

'ಅಂದ್ರೆ ಇದಕ್ಕೇನಾ? ಸೂಜಿಗೆ ದಾರ ಹಾಕಿದ್ದು, ನಗಿಸಿದ್ದು, ಬೇಗ ಬರ್ತಿದ್ದದ್ದು... ಕಣ್ಣು ಕಾಣದವಳ ಕಣ್ಣೆದುರೇ ಬಟ್ಟೆ ಸಾಗಿಸೋಕಾ?'

"ನಂಬಿದ್ದೆ ನಿಮ್ಮನ್ನ" ಎಂದಳು. "ಕೇಳಿದ್ರೆ ನಾನೇ ಒಂದು ಅಂಗಿ ಹೊಲ್ಕೊಡ್ತಿರ್ಲಿಲ್ವಾ? ಕದಿಯೋ ಗತಿ ಯಾಕೆ ಬಂತು?"

ಆ ಮುದುಕರು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. 'ಇದು ನನ್ನದು.' ಆದರೆ ಆ ಮಾತಿನ ಹಿಂದೆಯೇ ಮ್ಯಾನೇಜರ್ ಇನ್ನೊಂದು ಪ್ರಶ್ನೆ ಕೇಳುತ್ತಿದ್ದ: ಹಾಗಾದರೆ ಬಟ್ಟೆಯಕ್ಕನಿಗೆ ತನ್ನ ಬಟ್ಟೆ ಯಾವುದು ಅಂತ ಕಾಣುವುದಿಲ್ಲವೇ?

ಅವರು ಮ್ಯಾನೇಜರನ್ನು ನೋಡಿದರು, ಅವಳನ್ನು ನೋಡಿದರು. ಗುಂಡಿ ಬಿಚ್ಚತೊಡಗಿದರು.

"ತಪ್ಪಾಯ್ತು" ಎಂದರು.

ಅಂಗಿಯನ್ನು ತೋಳಿಗೆ ತೋಳು ಸೇರಿಸಿ ಮಡಿಸಿ ಅವಳ ಕೈಯಲ್ಲಿಟ್ಟರು. ಮ್ಯಾನೇಜರ್ ಬಾಯಿಗೆ ಬಂದಂತೆ ಬೈದ. "ನಾಳೆ ಕೊನೇ ಸೀನು ಇರೋದಕ್ಕೆ ಬಿಟ್ಟಿದೀನಿ" ಎಂದ. ಅವರು ಬನಿಯನ್ ಮೇಲೆ ಟವೆಲ್ ಹೊದ್ದು ಗೇಟು ದಾಟಿದರು. ಸಂಜೆ ಐದರ ಬಿಸಿಲು, ರಸ್ತೆ ತುಂಬ ಜನ, ಬಸ್ ಸ್ಟಾಪಿನಲ್ಲಿ ಉದ್ದ ಸಾಲು. ಅವರು ಸಾಲಿನ ಕೊನೆಗೆ ಹೋಗಿ ನಿಂತರು.

ಅವಳು ಆ ಅಂಗಿಯನ್ನು ಎದೆಗೆ ಒತ್ತಿಕೊಂಡು ಅಳುತ್ತ ಒಳಗೆ ಹೋದಳು. ತನಗೆ ಮೋಸವಾಯಿತೆಂದು ಅತ್ತಳು, ಪಾಪ.

*

ಬೆಳಿಗ್ಗೆ ದಿಂಬಿನ ಮೇಲೆ ಕೈಯಿಟ್ಟರೆ ಹತ್ತು ಸೂಜಿ. ಹತ್ತಕ್ಕೂ ದಾರ.

'ಇನ್ನೂ ಯಾಕೆ ಈ ನಾಟಕ?' ಎಂದು ಸಿಡುಕಿಕೊಂಡು ದಿಂಬನ್ನು ಪಕ್ಕಕ್ಕೆ ತಳ್ಳಿದಳು. ಕೊನೆಯ ದಿನ, ಸಾಮಾನು ಕಟ್ಟಬೇಕು. ದೊಡ್ಡ ಟ್ರಂಕಿನಲ್ಲಿ ಉಳಿದದ್ದನ್ನೆಲ್ಲ ಹೊರಗೆ ತೆಗೆದಳು. ಕೋಟು, ಶಾಲು, ಸೀರೆಗಳು. ತಳದಲ್ಲಿ ಬೆರಳಿಗೆ ಗರಿಗರಿ ಬಟ್ಟೆಯೊಂದು ಸಿಕ್ಕಿತು. ಗಂಜಿ ಮಾಸದ ಕಾಲರು. ತುಂಬುತೋಳು. ಎದೆಗೆ ಪಿನ್ನು ಚುಚ್ಚಿದ ಚೀಟಿ.

ಕಿಟಕಿಯ ಬೆಳಕಿಗೆ ಹಿಡಿದಳು. ತಿಳಿನೀಲಿ.

ಎರಡನೇ ಅಂಗಿ.

ಹಾಗಾದರೆ ಮೊಳೆಯಲ್ಲಿದ್ದದ್ದು? ನಿನ್ನೆ ಮೈಮೇಲಿಂದ ಬಿಚ್ಚಿಸಿದ್ದು? ಆ ಅಂಗಿಯನ್ನು ಎತ್ತಿ ಒಳಗು ಹೊರಗು ಮಾಡಿದಳು. ಕಂಕುಳ ಸೀಳಿನಲ್ಲಿ ಹಳೆಯ ಹೊಲಿಗೆ ತಾಗಿತು. ದಪ್ಪ ದಪ್ಪ, ವಕ್ರ ವಕ್ರ, ಹೊಲಿಗೆ ಬಾರದ ಗಂಡಸಿನ ಕೈ. ಜೋಪಾನ ಮಾಡಿದ ಕೈ.

'ಇರೋದೇ ಒಂದು ಅಂಗಿ ಅಂದ್ರೆ ಬಡವ ಜೋಪಾನವಾಗಿ ನೋಡ್ಕೊಂಡಿರ್ತಾನೆ.'

ಅವಳು ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು ಕೂತಳು. 'ದಿನದಿನವೂ ಕಲ್ಲು ಹಿಡಿದು ತಿಕ್ಕಿದ್ದೆ. ಎದುರಿಗೇ ಕೂತು ನೋಡಿದರು. ಹರಿದ ಜೇಬಿನಲ್ಲೇ ಮನೆಗೆ ಹೋದರು. ಕಳ್ಳ ಅಂದೆ, ತಪ್ಪಾಯ್ತು ಅಂದರು. ಎಲ್ಲ ನನ್ನ ಕಣ್ಣಿಗಾಗಿ, ನನ್ನ ಕೆಲಸಕ್ಕಾಗಿ...'

ಎದ್ದು ಓಡಿದಳು. ಸೆಟ್ಟಿನ ಬಾಗಿಲಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿತು. "ಸೈಲೆನ್ಸ್" ಎಂದರು. ಅಂಗಿಯನ್ನು ಬಾಯಿಗೆ ಒತ್ತಿಕೊಂಡು ಕತ್ತಲಲ್ಲಿ ನಿಂತಳು.

ದೀಪದ ಬೆಳಕಿನಲ್ಲಿ ಅವರು ಮಂಚದ ಮೇಲೆ ಕೂತಿದ್ದರು. ಅವಳಿಗೆ ಕಂಡದ್ದು ಒಂದು ನೀಲಿ ಮಸುಕು ಮಾತ್ರ. ಎದುರಿಗೆ ಖಾಲಿ ಕುರ್ಚಿ. ಅವರು ತುಂಬ ಹೊತ್ತು ಸುಮ್ಮನಿದ್ದರು. ಯಾರೂ ಬರೋದಿಲ್ಲ ಅಂತ ನನಗೆ ಗೊತ್ತು, ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಟ್ಟಳು.

"ಸೂಜಿಗೆ ದಾರ ಪೋಣಿಸಿಟ್ಟಿದೀನಿ" ಎಂದರು ಅವರು ಕುರ್ಚಿಗೆ. "ಹತ್ತಿವೆ. ಮುಗಿದಾಗ ಯಾರನ್ನಾದ್ರೂ ಕೇಳು. ನಾಚ್ಕೋಬೇಡ."

ನಲವತ್ತು ವರ್ಷದಲ್ಲಿ ಒಂದಕ್ಷರ ಆಚೀಚೆ ಮಾಡದ ಮನುಷ್ಯ. ಆರು ದಿನವೂ 'ನೀವು' ಎಂದವರು.

"ಕಟ್" ಎಂದ ನಿರ್ದೇಶಕ. "ಮಾತು ಬೇರೆ ಆಯ್ತು ತಾತ. ಇರ್ಲಿ, ಮುಖ ಚೆನ್ನಾಗಿ ಬಂದಿದೆ."

ಅವಳು ಆಗಲೇ ಬೆಳಕಿನೊಳಗೆ ನಡೆದು ಬಂದಿದ್ದಳು. ವೈರು ಎಡವಿ, ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಈ ಅಂಗಿ ಇವರದ್ದು" ಎಂದಳು, ಎಲ್ಲರಿಗೂ ಕೇಳುವಂತೆ. "ಇವರು ಕದ್ದಿಲ್ಲ. ಸಿನಿಮಾದ್ದು ಅಂತ ತಿಳ್ಕೊಂಡು ಹಾಳು ಮಾಡಿದ್ದು ನಾನು. ನನಗೆ ಕಣ್ಣು ಕಾಣ್ಸಲ್ಲ."

ಮ್ಯಾನೇಜರ್ ಅವಳ ಮುಖವನ್ನೇ ನೋಡಿದ. ಬೈಯಲಿಲ್ಲ, ಅಷ್ಟರ ಮಟ್ಟಿಗೆ ಮನುಷ್ಯ. "ನಾಳೆಯಿಂದ ಬೇಡ ಅಕ್ಕ. ಕೋಣೆ ಬೀಗದ ಕೈ ಕೊಟ್ಟು ಹೋಗಿ" ಎಂದ.

ದೀಪಗಳು ಒಂದೊಂದಾಗಿ ಆರಿದವು. ಜನ ಸಾಮಾನು ಎತ್ತತೊಡಗಿದರು. ಇವರಿಬ್ಬರೇ ಉಳಿದರು, ಮಂಚದ ಮೇಲೆ ಅವರು, ಕುರ್ಚಿಯಲ್ಲಿ ಅವಳು.

"ಯಾಕೆ ಹೇಳಿದ್ರಿ?" ಎಂದರು ಅವರು. ಮೊದಲ ಸಲ ಅವರ ದನಿಯಲ್ಲಿ ಸಿಟ್ಟಿತ್ತು. "ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದೆ."

"ನೀವು ಯಾಕೆ ಹೇಳ್ಲಿಲ್ಲ? ಮೊದಲ ದಿನವೇ ಒಂದು ಮಾತು..."

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು."

"ಈಗಲೂ ಹೋಯ್ತಲ್ಲ."

"ಹೌದು. ಅಂಗೀನೂ ಹೋಯ್ತು."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ಮ ಮನೇಲಿ ಕುರ್ಚಿ ಇದೆಯಾ?"

"ಒಂದಿದೆ. ಖಾಲಿ ಇದೆ."

*

ಅವರ ಕೋಣೆ ಸಿನಿಮಾದ ಕೋಣೆಗಿಂತ ಚಿಕ್ಕದಾಗಿತ್ತು. ಅವಳು ಒಂದು ಟ್ರಂಕು ಹಿಡಿದುಕೊಂಡು ಬಂದಳು. ಹೊಸ ಕಾಲರು, ಹೊಸ ಜೇಬು ಹಾಕಿ ಆ ಅಂಗಿಯನ್ನು ಸರಿಮಾಡಿದಳು. ಬಾಳಿನಲ್ಲಿ ಮೊದಲ ಸಲ ಹಳೆಯದನ್ನು ಹೊಸದು ಮಾಡಿದಳು. ಅಕ್ಕಪಕ್ಕದವರ ಹರಿದ ಬಟ್ಟೆಗಳನ್ನು ಬೆರಳಿನ ಅಂದಾಜಿನಲ್ಲೇ ಹೊಲಿಯತೊಡಗಿದಳು. ದಿನಾ ಬೆಳಿಗ್ಗೆ ದಿಂಬಿನ ಮೇಲೆ ಹತ್ತು ಸೂಜಿ ಇರುತ್ತಿದ್ದವು. 'ರೀ' ಎಂದು ಅವಳು ಮೊದಲಿನಿಂದಲೂ ಕರೆಯುತ್ತಿದ್ದಳು. ಈಗ ಹಾಗೆ ಕರೆದಾಗ ಓಣಿಯವರು ತಿರುಗಿ ನೋಡುತ್ತಿರಲಿಲ್ಲ.

ಹನ್ನೊಂದು ತಿಂಗಳಿಗೆ ಸಿನಿಮಾ ಬಂತು. ಅಷ್ಟರಲ್ಲಿ ಅವಳ ಕಣ್ಣಿನ ಮಂಜೂ ಹೋಗಿ ಪೂರ್ತಿ ಕತ್ತಲಾಗಿತ್ತು. ಅವರಿಗೆ ಕೆಮ್ಮು ಹಿಡಿದಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರ್ ಎದೆಯ ಚಿತ್ರ ನೋಡಿ ಏನೋ ಹೇಳಿದ್ದರು. ಅವರು ಮನೆಗೆ ಬಂದು "ಏನಿಲ್ಲವಂತೆ" ಎಂದಿದ್ದರು. ನಲವತ್ತು ವರ್ಷ ಪಿಸುಮಾತಾಡಿದವರ ದನಿಯಲ್ಲಿ ಸುಳ್ಳು ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಕೇಳಲಿಲ್ಲ.

ಹೋದ ವಾರ ಮಂಚದ ಕೆಳಗೆ ಗುಡಿಸುವಾಗ ಕೈಗೆ ಒಂದು ತಗಡಿನ ಡಬ್ಬ ಸಿಕ್ಕಿತ್ತು. ಒಳಗೆ ಬಟ್ಟೆಯ ಸುರುಳಿ. ಸುರುಳಿಯ ತುಂಬ ಸಾಲುಸಾಲಾಗಿ ಸೂಜಿಗಳು, ಎಲ್ಲಕ್ಕೂ ದಾರ. ಬೆರಳಲ್ಲಿ ನೂರರವರೆಗೆ ಎಣಿಸಿ ನಿಲ್ಲಿಸಿದ್ದಳು. ಡಬ್ಬವನ್ನು ಇದ್ದಲ್ಲೇ ಇಟ್ಟು, ಮುಖ ತೊಳೆದುಕೊಂಡು ಬಂದಿದ್ದಳು.

ಮಧ್ಯಾಹ್ನದ ಆಟಕ್ಕೆ ಹೋದರು. ಅವರು ಆ ನೀಲಿ ಅಂಗಿ ಹಾಕಿಕೊಂಡಿದ್ದರು. ಕತ್ತಲಲ್ಲಿ ಅವಳ ಕಿವಿಗೆ ಬಾಗಿ ಪರದೆಯ ಮೇಲಿನದನ್ನೆಲ್ಲ ಪಿಸುಗುಟ್ಟಿದರು. 'ಈಗ ಕಿಟಕಿ. ಈಗ ನಾನು ಬ್ರೆಡ್ಡು ತಿಂತಿದೀನಿ, ಗಲೀಜಾಗಿ.' ಪರದೆಯ ಮುದುಕ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಅವಳು ಒಂದೇ ಒಂದು ಮಾತಿಗೆ ಕಾಯುತ್ತಿದ್ದಳು. ಅದನ್ನು ಇನ್ನೊಮ್ಮೆ ಕೇಳಲೆಂದೇ ಬಂದಿದ್ದಳು.

"ಕೊನೇ ಸೀನು ಬಂತು" ಎಂದರು ಅವರು.

ಪರದೆಯಿಂದ ಒಂದು ಗಡಸು ದನಿ, ತರಬೇತಾದ ದನಿ, ಹಾಲ್ ತುಂಬ ಮೊಳಗಿತು.

"ಯಾರೂ ಬರೋದಿಲ್ಲ ಅಂತ ನನಗೆ ಗೊತ್ತು. ಆದರೂ ಬಾಗಿಲು ತೆರೆದಿಟ್ಟಿದ್ದೇನೆ."

"ರೀ... ಇದು ನೀವಲ್ಲ."

ಅವರಿಗೂ ಗೊತ್ತಿರಲಿಲ್ಲ. "ಬೇರೆಯವರ ದನಿ ಹಾಕ್ಸಿದಾರೆ" ಎಂದರು. "ನನ್ನ ದನಿ ಸಣ್ಣದಾಯ್ತೇನೋ."

ಹಾಲಿನಲ್ಲಿ ಯಾರೋ ಮೂಗು ಸೀಟಿದರು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಆಗ ಅವರು ಅವಳ ಕಡೆ ಬಾಗಿದರು. ತುಟಿ ಅವಳ ಕಿವಿಗೆ ತಾಗುವಷ್ಟು ಹತ್ತಿರ.

"ಸೂಜಿಗೆ ದಾರ ಪೋಣಿಸಿಟ್ಟಿದೀನಿ" ಎಂದು ಪಿಸುಗುಟ್ಟಿದರು. "ಹತ್ತಿವೆ. ಮುಗಿದಾಗ..."

ಕೆಮ್ಮು ಬಂತು. ಮಾತು ನಿಂತಿತು.

"ಮುಗಿದಾಗ ಯಾರನ್ನಾದ್ರೂ ಕೇಳು" ಎಂದು ಅವಳೇ ಹೇಳಿಕೊಟ್ಟಳು. ಆಮೇಲೆ ಅವರ ಕೈ ಹುಡುಕಿ ಹಿಡಿದಳು. "ಡಬ್ಬ ನೋಡಿದೀನಿ ರೀ."

"ಯಾವಾಗ?"

"ಹೋದ ವಾರ. ಕೈಯಲ್ಲಿ ನೋಡ್ದೆ."

"ಬೇಜಾರಾಯ್ತಾ?"

"ಆಯ್ತು." ಅವಳು ಅವರ ಭುಜಕ್ಕೆ, ತಾನೇ ಹೊಲಿದ ಹೊಸ ಕಾಲರಿನ ಪಕ್ಕ, ತಲೆ ಇಟ್ಟಳು. "ನಾಳೆಯಿಂದ ಅದಕ್ಕೆ ಒಂದೂ ಸೇರಿಸ್ಬೇಡಿ. ದಿನಾ ಹತ್ತೇ ಹಾಕಿ. ನೀವಿರೋವಷ್ಟು ದಿನ, ಬೆಳಿಗ್ಗೆ ಹತ್ತೇ ಹತ್ತು."

"ಸರಿ."

"ಅಕ್ಷರ ಆಚೀಚೆ ಆಗ್ಬಾರ್ದು."

"ಆಗಲ್ಲ" ಎಂದರು ಅವರು.